ಅತ್ತಿಗೆಯ ಹುಳುಗಳೂ ನನ್ನ ಗ್ರಾಫಿಕ್ಸ್ ಕಾರ್ಡೂ

ಕೊಸರು ಕೇಳದೆ ಏನನ್ನೂ ಕೊಳ್ಳಬಾರದೆಂಬುದು ನಮ್ಮ ಅಜ್ಜಿ ನನಗೆ ಕಲಿಸಿದ ಮೊದಲ ವಿದ್ಯೆ. ಅಕ್ಷರಾಭ್ಯಾಸ ಆಮೇಲೆ ಆಯಿತು. ಚನ್ನಪಟ್ಟಣದ ಸಂತೆಯಲ್ಲಿ ಅವರೆಕಾಯಿ ಅಳೆದು ಸುರಿದ ಮೇಲೂ ಅಜ್ಜಿ ಚೀಲದ ಬಾಯಿ ಮುಚ್ಚುತ್ತಿರಲಿಲ್ಲ. ಹಾಗೇ ತೆರೆದು ಹಿಡಿದುಕೊಂಡು ಮಾರುವವಳ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದಳು. ಆಕೆ ಸೋತು ಮೇಲೊಂದು ಹಿಡಿ ಹಾಕಿದರೇ ವ್ಯಾಪಾರ ಮುಗಿದ ಹಾಗೆ. ಹೂವಿನವಳು ಮೊಳ ಹಾಕಿದರೆ, "ನಿನ್ ತೋಳು ಗಿಡ್ಡ ಕಣವ್ವ, ನನ್ ತೋಳಲ್ಲಿ ಆಕು" ಎಂದು ತನ್ನ ಕೈ ಚಾಚುವಳು. ಆ ರಕ್ತವೇ ನನ್ನ ಮೈಯಲ್ಲಿ ಹರಿಯುತ್ತಿರುವುದು. ಐವತ್ತರ ಹತ್ತಿರ ಬಂದಿದ್ದರೂ ಎಳನೀರು ಕುಡಿದರೆ ಗಂಜಿ ಕೆತ್ತಿಸಿಕೊಳ್ಳದೆ, ಕ್ಷೌರ ಮಾಡಿಸಿಕೊಂಡರೆ ಕೊನೆಗೆ ತಲೆಗೆ ನಾಲ್ಕು ತಟ್ಟು ತಟ್ಟಿಸಿಕೊಳ್ಳದೆ ಏಳುವವನಲ್ಲ ನಾನು. ಇದರಿಂದ ಯಾರಿಗೂ ಕೆಡುಕಾದದ್ದಿಲ್ಲ. ಹೋದ ಚಳಿಗಾಲದಲ್ಲಿ ಒಂದು ಯಂತ್ರದ ಹತ್ತಿರ ಕೊಸರು ಕೇಳಿದೆ ನೋಡಿ, ಅಲ್ಲಿ ಎಡವಿದೆ. ಕೇಳಿದ್ದು ತಪ್ಪೋ, ಅದು ಕೊಟ್ಟದ್ದನ್ನು ಯಾರಿಗೂ ಹೇಳದೆ ವಾಪಸು ಮಾಡಿದ್ದು ತಪ್ಪೋ, ನೀವೇ ತೀರ್ಮಾನಿಸಿ.

ನಾನು ಮದುವೆ ವಿಡಿಯೋದವನು. ಮನೆ ಅಕ್ಕೂರಿನಲ್ಲಿ. ಚಪ್ಪರದಿಂದ ಬೀಗರ ಊಟದವರೆಗೆ ಚಿತ್ರ ಹಿಡಿದು, ಮನೆಗೆ ತಂದು, ಅತ್ತವರನ್ನು ಉಳಿಸಿ ಆಕಳಿಸಿದವರನ್ನು ತೆಗೆದು ಒಂದು ಸಿನಿಮಾ ಮಾಡಿಕೊಡುವುದು ನನ್ನ ಕಸುಬು. ಈ ಕೆಲಸ ಮಾಡುವ ಕಂಪ್ಯೂಟರಿನೊಳಗೆ ಗ್ರಾಫಿಕ್ಸ್ ಕಾರ್ಡ್ ಎಂಬುದೊಂದು ಇರುತ್ತದೆ. ಬಂಡಿಗೆ ಕಟ್ಟಿದ ಎತ್ತು ಎಂದುಕೊಳ್ಳಿ. ನಾವು ಮೇಲೆ ಕೂತು ಹಾದಿ ತೋರಿಸುತ್ತೇವೆ, ಚಿತ್ರಗಳ ಭಾರವನ್ನೆಲ್ಲ ಎಳೆಯುವುದು ಅದು. ಒಂದು ಮದುವೆಯನ್ನು ಹದಕ್ಕೆ ತರಲು ನನ್ನ ಎತ್ತು ಇಡೀ ದಿನ ಏದುಸಿರು ಬಿಡುತ್ತಿತ್ತು. ನಾನು ಕೂರುವ ಕೋಣೆಗೆ ಬಾಗಿಲಿಲ್ಲ, ಹಳೆಯ ಸೀರೆಯೊಂದು ಇಳಿಬಿದ್ದಿದೆ. ಸೀರೆಯ ಆಚೆ ಕಡೆ ಅತ್ತಿಗೆಯ ಹುಳು ಮನೆ.

ಅತ್ತಿಗೆ ಎಂದರೆ ನಮ್ಮಣ್ಣನ ಹೆಂಡತಿ ಗೌರಮ್ಮ. ಅಣ್ಣ ಬಸ್ ಕಂಡಕ್ಟರು, ಕನಕಪುರ ಮಾಗಡಿ ಎಂದು ಅಲೆಯುತ್ತ ವಾರಕ್ಕೊಮ್ಮೆ ಮುಖ ತೋರಿಸುವವನು. ಮನೆಯಲ್ಲಿ ರೇಷ್ಮೆ ಎಂದರೆ ಅತ್ತಿಗೆಯೇ. ಚಾಕಿ ಹುಳು, ಅಂದರೆ ಎರಡು ಜ್ವರ ದಾಟಿದ ಎಳೆಯ ಹುಳು ತಂದು, ಗೂಡು ಕಟ್ಟುವ ತನಕ ಸಾಕುತ್ತಾರೆ. ಹುಳು ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ. ಅತ್ತಿಗೆಯ ಗೂಡು ರಾಮನಗರದ ಮಾರುಕಟ್ಟೆಗೆ ಹೋದರೆ ನೂಲು ಬಿಚ್ಚುವವರು ಪಕ್ಕದ ರಾಶಿ ಬಿಟ್ಟು ಇದಕ್ಕೇ ಕೈ ಹಾಕಿ ಹಿಡಿ ತೆಗೆದು ನೋಡುತ್ತಿದ್ದರು. ಒಂದು ಗೂಡಿನಂತೆ ಇನ್ನೊಂದು, ಅವಳಿ ಮಕ್ಕಳ ಹಾಗೆ. ಅದನ್ನು ನೋಡಿಯೇ ನಮ್ಮ ಬೀದಿಯ ಐದು ಮನೆಯ ಹೆಂಗಸರು ಸೇರಿ ಒಂದು ಮಾತಾಡಿಕೊಂಡಿದ್ದರು. ದೂರದಿಂದ ಚಾಕಿ ತರಿಸುವ ಬದಲು ಅತ್ತಿಗೆಯೇ ಎಲ್ಲರಿಗೂ ಮೊಟ್ಟೆಯಿಂದ ಸಾಕಿ ಕೊಡಲಿ, ಈ ಚಳಿಯ ಬೆಳೆಯೊಂದು ಒಪ್ಪವಾಗಿ ಬಂದರೆ ಮುಂದಿನ ಬೆಳೆಯಿಂದಲೇ ಶುರು ಎಂದು. ಚಳಿಯಲ್ಲಿ ಹುಳು ಸಾಕುವುದು ಕೈಗೂಸು ಸಾಕಿದ ಹಾಗೆ. ಅದನ್ನು ಗೆದ್ದವಳ ಕೈಗೆ ಬೀದಿಯ ಹುಳುವನ್ನೆಲ್ಲ ಒಪ್ಪಿಸಬಹುದು ಎಂಬುದು ಅವರ ಲೆಕ್ಕ. ಅತ್ತಿಗೆ ಆಗಲೇ ಚಾಕಿಗೆಂದು ಎರಡು ಹೊಸ ಬಿದಿರ ತಟ್ಟೆ ಹೆಣೆಸಿ ಗೋಡೆಗೆ ಒರಗಿಸಿದ್ದರು. ಹಾದು ಹೋಗುವಾಗಲೆಲ್ಲ ಅದನ್ನು ಒಮ್ಮೆ ಮುಟ್ಟುತ್ತಿದ್ದರು.

ಅದೇ ಸಮಯಕ್ಕೆ ಸರಿಯಾಗಿ ನನಗೆ ಜ್ಞಾನೋದಯವಾಯಿತು. ಮೊಬೈಲಿನಲ್ಲಿ ಹೆಡ್‌ಫೋನು ಹಾಕಿಕೊಂಡ ಒಬ್ಬಾತ ಹೇಳುತ್ತಿದ್ದ: ಗ್ರಾಫಿಕ್ಸ್ ಕಾರ್ಡ್ ಮಾಡುವವರು ಅದರ ಪೂರ್ತಿ ಶಕ್ತಿಯನ್ನು ನಮಗೆ ಕೊಡುವುದಿಲ್ಲ, ಒಂದಿಷ್ಟನ್ನು ಹಿಂದಿಟ್ಟಿರುತ್ತಾರೆ. ಓವರ್‌ಕ್ಲಾಕ್ ಮಾಡಿದರೆ, ಎಂದರೆ ಅದರ ಓಟ ಏರಿಸಿದರೆ, ಆ ಹಿಂದಿಟ್ಟದ್ದೂ ನಮ್ಮದೇ, ಬಿಟ್ಟಿ. ಬಿಟ್ಟಿ ಎಂಬ ಮಾತು ಕಿವಿಗೆ ಬಿದ್ದಕೂಡಲೆ ನನ್ನೊಳಗೆ ಅಜ್ಜಿ ಚೀಲದ ಬಾಯಿ ತೆರೆದು ನಿಂತಳು. ಆತ ಹೇಳಿದ ಸಾಫ್ಟ್‌ವೇರ್ ಹಾಕಿಕೊಂಡೆ. ಪರದೆಯ ಮೇಲೆ ಎಡಕ್ಕೂ ಬಲಕ್ಕೂ ಜರುಗುವ ನಾಲ್ಕು ಗುಂಡಿಗಳು. ಒಸಿ ಒಸಿಯಾಗಿ ಜರುಗಿಸಿ, ಪ್ರತಿ ಸಲವೂ ಕಾದು ನೋಡಿ ಎಂದಿದ್ದ. ಒಂದು ದಿನ ಅವನ ಮಾತು ಕೇಳಿದೆ. ಎರಡನೆಯ ದಿನ ನನ್ನ ಮಾತನ್ನೇ ಕೇಳಿಕೊಂಡೆ. ಕಂಪ್ಯೂಟರ್ ಶುರುವಾದಾಗಲೆಲ್ಲ ಇದೇ ವೇಗ ಇರಲಿ ಎಂಬ ಚೌಕದೊಳಗೆ ಟಿಕ್ಕನ್ನೂ ಹಾಕಿದೆ. ನನ್ನ ಹೆಂಡತಿ ಮಂಗಳ ಕಾಫಿ ತಂದವಳು ಪರದೆ ನೋಡಿ, "ಸುಮ್ನೆ ಓಡೋ ಎತ್ತಿಗೆ ಯಾಕ್ರೀ ಬಾರ್ಕೋಲು?" ಎಂದಳು. ಅವಳಿಗೆ ತಂತ್ರಜ್ಞಾನ ತಿಳಿಯದು ಎಂದುಕೊಂಡೆ. ತಿಳಿದಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ.

ಮದುವೆಗಳು ಸರಸರನೆ ಮುಗಿಯತೊಡಗಿದವು. ರಾಮನಗರ, ಕನಕಪುರದ ಸ್ಟುಡಿಯೋದವರ ಕೆಲಸವನ್ನೂ ಒಪ್ಪಿಕೊಂಡೆ. ಹಗಲು ರಾತ್ರಿ ಎನ್ನದೆ ಯಂತ್ರ ಓಡಿತು. ಅದರ ಬೆನ್ನಿನಿಂದ ಬರುವ ಬಿಸಿಗಾಳಿಗೆ ಕೋಣೆ ಬಾಣಂತಿ ಕೋಣೆಯಂತಾಯಿತು. ನಾನು ಬನಿಯನ್ನಿನಲ್ಲಿ ಕೂರತೊಡಗಿದೆ. ನಾಲ್ಕು ದಿನ ಕಳೆದಿರಬೇಕು, ಅತ್ತಿಗೆ ಸೀರೆ ಸರಿಸಿ ಒಳಗಿಣುಕಿದರು.

"ಏನಪ್ಪ ಚಂದ್ರು, ನಿನ್ ಡಬ್ಬದೊಳಗೆ ಕೆಂಡ ಇಕ್ಕಿದ್ದೀಯಾ? ಈ ಕಡೆ ತಟ್ಟೆ ಉಳ ನೋಡು, ಆ ಕಡೆವಕ್ಕಿಂತ ಒಂದು ಊಟ ಮುಂದವೆ!"

"ಸೆಟ್ಟಿಂಗು ಒಸಿ ಏರ್ಸಿದ್ದೀನಿ ಅತ್ಗೆ, ಅದಕ್ಕೆ ಬಿಸಿ" ಎಂದೆ.

"ಏರ್ಸು, ಏರ್ಸು. ಇದ್ದಿಲು ಹೊಗೆ ಕುಡ್ದು ಕುಡ್ದು ನನ್ ಕಣ್ಣು ಓಗಿದ್ದೊ."

ಅಂದೇ ತಟ್ಟೆಗಳ ಸಾಲನ್ನೆಲ್ಲ ಸೀರೆಯ ಹತ್ತಿರಕ್ಕೆ ಎಳೆದುಕೊಂಡರು. ಇದ್ದಿಲ ಒಲೆ ಮೂಲೆಗೆ ಹೋಯಿತು. ಸೀರೆಯನ್ನು ಅರ್ಧ ಮೇಲಕ್ಕೆ ಕಟ್ಟಿದರು. ಅವರ ಗೋಡೆಯ ಮೇಲೊಂದು ಥರ್ಮಾಮೀಟರು, ನನ್ನ ಪರದೆಯ ಮೂಲೆಯಲ್ಲಿ ಕಾರ್ಡಿನ ಬಿಸಿ ತೋರಿಸುವ ಒಂದು ಅಂಕಿ. ಬೆಳಗಾದರೆ ನಮ್ಮಿಬ್ಬರದು ಅದೇ ಮಾತು.

"ಇವತ್ತು ನಂದು ಇಪ್ಪತ್ತಾರು. ನಿಂದೆಷ್ಟಪ್ಪ?"

"ಎಂಬತ್ನಾಕು ಅತ್ಗೆ."

"ಎಂಬತ್ನಾಕಾ! ಅಷ್ಟು ಜರ ಮಡಿಕಂಡು ಇನ್ನೂ ಕಂಡೋರ ಮದ್ವೆ ಮಾಡ್ತಾ ಕುಂತೈತಲ್ಲಪ್ಪ ನಿನ್ ಡಬ್ಬ!"

ನಾನು ನಗುತ್ತಿದ್ದೆ. ನನಗೆ ಆಗ ಎರಡು ಹೆಮ್ಮೆ. ಯಂತ್ರದಿಂದ ಕೊಸರು ಪಡೆದೆ ಎಂಬುದೊಂದು, ಆ ಕೊಸರಿಗೂ ಇನ್ನೊಂದು ಕೊಸರು ಸಿಕ್ಕಿ ಮನೆಯ ಹುಳು ಬೆಚ್ಚಗಿವೆ ಎಂಬುದು ಇನ್ನೊಂದು. ಎದುರುಮನೆ ಕೆಂಪಮ್ಮ ಬಂದು ಹುಳು ನೋಡಿ, "ಚಳೀಲಿ ಇಂಗೆ ಎದ್ದವಲ್ಲವ್ವ ಗೌರಿ, ನಿನ್ ಕೈಗುಣವೇ ಕೈಗುಣ" ಎಂದು ಹೋದರು. ಐದು ಮನೆಯ ಪೈಕಿ ಹಿರಿಯರು ಅವರು, ಅವರು ಆಡಿದ್ದೇ ತೀರ್ಪು. ಅತ್ತಿಗೆ ಆ ದಿನ ಹೊಸ ತಟ್ಟೆಗಳನ್ನು ಎರಡು ಸಲ ಮುಟ್ಟಿದ್ದನ್ನು ನಾನು ಕಂಡೆ.

ಹುಳು ಮೂರನೇ ಜ್ವರಕ್ಕೆ ಕೂತಾಗ ಅತ್ತಿಗೆ ತಟ್ಟೆಯ ಸೊಪ್ಪಿನ ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಎರಚಿದರು. ಪ್ರತಿ ಬೆಳೆಯಲ್ಲೂ ಎರಚುತ್ತಾರೆ. ಈ ಸಲ ಮಾತ್ರ ನಡುವಿನ ಸೀರೆ ಮೇಲೆ ಕಟ್ಟಿತ್ತು, ಈಚೆ ಕಡೆ ನನ್ನ ಯಂತ್ರದ ಫ್ಯಾನು ಹಸಿದವನಂತೆ ಗಾಳಿ ಎಳೆಯುತ್ತಿತ್ತು. ಜ್ವರ ಎದ್ದು ಹುಳು ಮೇವು ಹಿಡಿದ ಮೇಲೆ ಅತ್ತಿಗೆ ಎರಡು ದಿನದ ಮಟ್ಟಿಗೆ ಸೋಲೂರಿಗೆ ಹೊರಟರು. ಅದು ಅವರ ತವರು. ತಮ್ಮನ ಮಗಳ ಸೀಮಂತ. ಹೋಗಲೋ ಬೇಡವೋ ಎಂದು ಬಸ್ಸಿನ ಹೊತ್ತಿನವರೆಗೂ ತೂಗಾಡಿದರು. ಹೋಗಿ ಎಂದು ಬಲವಂತ ಮಾಡಿದವನು ನಾನೇ. ಹೊಸ್ತಿಲಲ್ಲಿ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಒತ್ತೊತ್ತಿಗೆ ಸೊಪ್ಪಾಕ್ಬುಡಿ, ಸಾಕು. ಬಿಸಿ ಚಿಂತೆ ಇಲ್ಲ, ಅದ ನಿನ್ ಡಬ್ಬ ನೋಡ್ಕತದೆ."

ಅವರ ಬಸ್ಸು ಕೆರೆ ಏರಿ ದಾಟಿರಲಿಕ್ಕಿಲ್ಲ, ಡಬ್ಬ ಕೈಕೊಟ್ಟಿತು. ಕನಕಪುರದ ಒಂದು ಧಾರೆಯ ದೃಶ್ಯ ಓಡುತ್ತಿತ್ತು. ಮೊದಲು ಮದುಮಗಳ ಕೆಂಪು ಸೀರೆ ಹಸಿರಾಯಿತು. ಆಮೇಲೆ ಮದುಮಗನ ಮುಖದ ಮೇಲೆ ಚೌಕ ಚೌಕ ಎದ್ದು, ಧಾರೆ ಎರೆಸಿಕೊಳ್ಳುತ್ತಿರುವುದು ಮನುಷ್ಯನೋ ಚೌಕಾಬಾರದ ಮನೆಯೋ ತಿಳಿಯದಾಯಿತು. ಮರುಕ್ಷಣ ಪರದೆ ಕಪ್ಪಾಯಿತು. ಆರಿಸಿ ಹೊತ್ತಿಸಿದೆ. ಒಂದು ನಿಮಿಷ ಬದುಕಿ ಮತ್ತೆ ಸತ್ತಿತು. ಟಿಕ್ಕು ಹಾಕಿದ್ದೆನಲ್ಲ, ಎದ್ದ ಕೂಡಲೆ ಅದೇ ವೇಗಕ್ಕೆ ಓಡಲು ಹೋಗಿ ಮುಗ್ಗರಿಸುತ್ತಿತ್ತು. ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಚನ್ನಪಟ್ಟಣದ ಬಸ್ಸು ಹತ್ತಿದೆ. ಪಕ್ಕದಲ್ಲಿದ್ದವರು, "ಏನಣ್ಣ, ನಾಟಿ ಕೋಳಿನಾ?" ಎಂದು ಕೇಳಿದರು. ಹೌದು ಎಂದೆ. ಓವರ್‌ಕ್ಲಾಕು ಎಂದು ವಿವರಿಸುವ ಶಕ್ತಿ ನನ್ನಲ್ಲಿರಲಿಲ್ಲ.

ರಿಪೇರಿಯ ನಯಾಜ್ ನನಗೆ ಹಳಬ. ಅವರ ತಂದೆ ಬೊಂಬೆ ಕಡೆಯುತ್ತಿದ್ದವರು. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದ ನಯಾಜ್ ಎರಡು ಹೆಜ್ಜೆ ಹಿಂದೆ ಸರಿದು ಸೀನಿದ.

"ಏನ್ ಸಾರ್ ಇದು, ಗೋಡೆಗೆ ಸುಣ್ಣ ಒಡಿಯೋಕೆ ಇದುನ್ನ ಇಟ್ಕಂಡಿದ್ರಾ?"

ನಾನು ಹುಳು ಮನೆಯ ವಿಷಯ ಹೇಳಿದೆ. ಅವನು ಬ್ರಷ್ಷಿನಿಂದ ಸುಣ್ಣ ಕೆರೆಯುತ್ತ, ತಲೆ ಎತ್ತದೆ, "ಓವರ್‌ಕ್ಲಾಕ್ ಮಾಡಿದ್ರಾ?" ಎಂದ.

"ಒಸಿ."

"ಎಲ್ರೂ ಒಸಿ ಅಂತಾರೆ ಸಾರ್. ಕುಡ್ಯೋರೂ ಒಸಿ ಅಂತಾರೆ." ಆಮೇಲೆ ಬ್ರಷ್ಷು ಕೆಳಗಿಟ್ಟ. "ನಮ್ಮ ಅಬ್ಬಾ ಹತ್ರ ಕೆಲ್ಸ ಕಲೀವಾಗ ನಾನೂ ಇದೇ ಮಾಡಿದ್ದೆ. ಮರ ತಿರುಗ್ತಾ ಇರೋವಾಗ ಅರಗಿನ ಕಡ್ಡಿ ಒತ್ತಿದ್ರೆ ಉಜ್ಜಿದ ಬಿಸಿಗೇ ಬಣ್ಣ ಕರಗಿ ಹಿಡ್ಕೊಳ್ತದೆ. ಬೇಗ ಆಗ್ಲಿ ಅಂತ ಸ್ಪೀಡ್ ಏರ್ಸಿದೆ. ಬಣ್ಣ ಸುಟ್ಟು ಕರ್ರಗಾಯ್ತು. ಅಬ್ಬಾ ಕೈ ಮೇಲೆ ಒಂದು ಕೊಟ್ರು. ನಿಮ್ಗೆ ಯಾರೂ ಕೊಡ್ಲಿಲ್ಲ, ಅದೇ ಪ್ರಾಬ್ಲಮ್ಮು."

ಸೇಫ್ ಮೋಡ್ ಎಂಬ ಮಂದಗತಿಯಲ್ಲಿ ಯಂತ್ರವನ್ನು ಎಬ್ಬಿಸಿ, ನಾನು ಹಾಕಿದ್ದ ಟಿಕ್ಕು ತೆಗೆದ. ನಾಲ್ಕು ಗುಂಡಿಗಳ ಪಕ್ಕದಲ್ಲಿ ಹಿಂದಕ್ಕೆ ಬಾಗಿದ ಒಂದು ಬಾಣದ ಗುರುತಿತ್ತು. ಇಷ್ಟು ದಿನ ಅದರ ಕಡೆ ನಾನು ಕಣ್ಣೇ ಹಾಯಿಸಿರಲಿಲ್ಲ. ಅದನ್ನು ಒತ್ತಿದ. ನಾಲ್ಕೂ ಗುಂಡಿಗಳು ಶಾಲೆಗೆ ತಡವಾಗಿ ಬಂದ ಮಕ್ಕಳಂತೆ ತಲೆತಗ್ಗಿಸಿ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. "ಡಿಫಾಲ್ಟ್ ಸಾರ್. ಹುಟ್ಟಿದಾಗ ಎಂಗಿತ್ತೋ ಅಂಗೆ." ಸಾಫ್ಟ್‌ವೇರನ್ನೇ ಕಿತ್ತು ಹಾಕಿ, ಮೂಲೆಯ ಬಿಸಿಯ ಅಂಕಿಯನ್ನು ಮಾತ್ರ ಉಳಿಸಿ, ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮನ್ನು ಹೊಸದಾಗಿ ಕೂರಿಸಿ, ಒಂದು ಗಂಟೆ ಓಡಿಸಿ ತೋರಿಸಿದ. ಬಿಸಿ ಅರವತ್ತಾರು ದಾಟಲಿಲ್ಲ. "ಎರಡು ಮೂರು ದಿನ ರಾತ್ರಿ ಆಫ್ ಮಾಡಿಬಿಡಿ. ಹಗಲು ಮಾತ್ರ ಓಡ್ಲಿ" ಎಂದು ಕಳಿಸಿದ.

ಮನೆಗೆ ಬಂದಾಗ ನನ್ನಷ್ಟು ಹಗುರಾದ ಮನುಷ್ಯ ತಾಲ್ಲೂಕಿನಲ್ಲಿ ಇರಲಿಲ್ಲ. ಹೊಸ ಬುದ್ಧಿ ಬಂದವನು ಹಾಗೆಯೇ. ಸುಣ್ಣ ಮತ್ತೆ ನುಗ್ಗದಿರಲಿ ಎಂದು ಸೀರೆಯನ್ನು ಕೆಳಗಿಳಿಸಿ ತುದಿಗೆ ಕಲ್ಲು ಕಟ್ಟಿದೆ. ಸಂಜೆಗೇ ಯಂತ್ರ ಆರಿಸಿದೆ. ಹೊರಗೆ ಮೋಡ ಮುಚ್ಚಿಕೊಂಡು ಜಡಿಮಳೆ ಹಿಡಿದಿತ್ತು. ಬೆಳಿಗ್ಗೆ ಎದ್ದಾಗ ಚಳಿ ಎನಿಸಿತು. ಟ್ರಂಕಿನಿಂದ ಸ್ವೆಟರು ತೆಗೆದು ಹಾಕಿಕೊಂಡೆ. ಹಾಕಿಕೊಂಡು, ಅದರ ಗುಂಡಿಗಳನ್ನೆಲ್ಲ ಹಾಕಿ, ಕಿವಿಗೆ ಟವೆಲು ಸುತ್ತಿ, ಅತ್ತಿಗೆಯ ಹುಳುಗಳಿಗೆ ಸೊಪ್ಪು ಹಾಕಿದೆ. ಈ ಒಂದು ವಾಕ್ಯವನ್ನು ಬರೆಯಲು ನನಗೆ ಇಷ್ಟು ತಿಂಗಳು ಬೇಕಾಯಿತು. ಒಂದು ಸಲವಲ್ಲ, ಎರಡು ದಿನವೂ ಹೊತ್ತೊತ್ತಿಗೆ ಸ್ವೆಟರು ತೊಟ್ಟು, ಬರಿಮೈಯ ಹುಳುಗಳ ಮುಂದೆ ಬಗ್ಗಿ, ಅವು ಯಾಕೋ ಮಂದವಾಗಿ ತಿನ್ನುತ್ತಿವೆಯಲ್ಲ ಎಂದು ಯೋಚಿಸುತ್ತ ಸೊಪ್ಪು ಹಾಕಿದೆ. ಮೂಲೆಯಲ್ಲಿ ಇದ್ದಿಲ ಒಲೆ ಇತ್ತು. ಗೋಡೆಯ ಮೇಲೆ ಥರ್ಮಾಮೀಟರು ಇತ್ತು. ನಾನು ದಿನಕ್ಕೆ ಹತ್ತು ಸಲ ನೋಡಿದ್ದು ಪರದೆಯ ಮೂಲೆಯ ಅಂಕಿಯನ್ನು. ಅರವತ್ತಾರು, ಅರವತ್ತೈದು. ನೋಡಿ ನೋಡಿ ಸಂತೋಷಪಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮ ತಾತ ಹೇಳುತ್ತಿದ್ದ ಗಾದೆ ಮೂರ್ಖರ ವಿಷಯ ಎಂದು ತಿಳಿದಿದ್ದೆ. ನನ್ನ ವಿಷಯವೆಂದು ತಿಳಿದಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅತ್ತಿಗೆ ಬಂದರು. ಕೈಯಲ್ಲಿದ್ದ ತಂಬಿಟ್ಟಿನ ಡಬ್ಬಿ ಕೆಳಗಿಡುವ ಮೊದಲೇ ಹುಳು ಮನೆಗೆ ಹೋಗಿ ತಟ್ಟೆಯೊಳಗೆ ಕೈಯಿಟ್ಟರು.

"ತಣ್ಣಗವಲ್ಲೋ ಚಂದ್ರು!" ಗೋಡೆ ನೋಡಿದರು. "ಇಪ್ಪತ್ತು! ನಿನ್ ಡಬ್ಬ ಓಡ್ಲಿಲ್ವಾ?"

ನಾನು ಹೇಳಬೇಕಾಗಿದ್ದ ಮಾತು ದೊಡ್ಡದೇನೂ ಅಲ್ಲ. ಅತ್ತಿಗೆ, ಸೆಟ್ಟಿಂಗು ಹಿಂದಕ್ಕೆ ಹಾಕಿಸಿದೆ, ರಾತ್ರಿ ಆರಿಸಿದೆ, ಒಲೆ ಹಚ್ಚಬೇಕೆಂದು ಹೊಳೆಯಲಿಲ್ಲ, ತಪ್ಪಾಯಿತು. ಬಾಯಿಂದ ಬಂದದ್ದು ಮಾತ್ರ, "ಓಡ್ತಿತ್ತಲ್ಲ ಅತ್ಗೆ" ಎಂದು. ಸುಳ್ಳಲ್ಲ. ಹಗಲು ಓಡುತ್ತಿತ್ತು. ಹುಟ್ಟಿದಾಗ ಹೇಗಿತ್ತೋ ಹಾಗೆ ಓಡುತ್ತಿತ್ತು. ಮಂಗಳ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. ಅತ್ತಿಗೆ ಉಟ್ಟ ಹೊಸ ಸೀರೆಯಲ್ಲೇ ಇದ್ದಿಲು ಹಚ್ಚಲು ಕೂತರು. "ಜಡಿಗೆ ಅಂಗಾಗೈತೆ. ನಾನು ಓಗ್ಬಾರ್ದಿತ್ತು" ಎಂದು ತಮಗೆ ತಾವೇ ಹೇಳಿಕೊಂಡರು.

ಆಮೇಲೆ ಅವರು ಒಲೆಯ ಪಕ್ಕ ಬಿಟ್ಟು ಏಳಲಿಲ್ಲ. ಆದರೂ ನಾಲ್ಕನೇ ಜ್ವರ ಎದ್ದು ಹುಳು ಬೆರಳುದ್ದ ಆಗಬೇಕಾದ ಹೊತ್ತಿಗೆ ತಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಸೆಟೆದು ಬಿದ್ದವು. ಮಾರನೆಯ ದಿನ ಅವು ಸೀಮೆಸುಣ್ಣದ ಕಡ್ಡಿಯ ಹಾಗೆ ಬೆಳ್ಳಗಾದವು. ಸುಣ್ಣಕಟ್ಟು ರೋಗ. ಚಳಿ ಮತ್ತು ತೇವ ಸೇರಿದರೆ ಬರುವಂಥದ್ದು. ಅರ್ಧಕ್ಕರ್ಧ ಹುಳು ಹೋದವು. ಪುಟ್ಟಿಯಲ್ಲಿ ತುಂಬಿ ತೋಟದ ಮೂಲೆಯ ಗುಂಡಿಗೆ ಹೊತ್ತುಹಾಕುವ ಕೆಲಸ ನಾನೇ ಮಾಡಿದೆ. ಹೊರುವಾಗ ಅವು ಕಡ್ಡಿಗಳಂತೆ ಒಂದಕ್ಕೊಂದು ತಾಗಿ ಸದ್ದಾಗುತ್ತಿತ್ತು. ಉಳಿದವು ಕಟ್ಟಿದ ಗೂಡು ಒಂದು ದಪ್ಪ, ಒಂದು ಪೊಳ್ಳು. ರಾಮನಗರದ ಮಾರುಕಟ್ಟೆಯಲ್ಲಿ ಯಾರೂ ಓಡಿಬಂದು ಕೈ ಹಾಕಲಿಲ್ಲ. ಹಾಕಿದವನೊಬ್ಬ, "ಇದು ಗೌರಮ್ಮನ ಗೂಡಾ?" ಎಂದು ಕೇಳಿ ಹಿಡಿಯನ್ನು ಹಾಗೇ ಬಿಟ್ಟ.

ಆ ಭಾನುವಾರ ಐದು ಮನೆಯ ಹೆಂಗಸರು ಕೆಂಪಮ್ಮನ ಜಗಲಿಯಲ್ಲಿ ಕೂತರು. ಅತ್ತಿಗೆಯನ್ನೂ ಕರೆದಿದ್ದರು. ನಾನು ನಮ್ಮ ಕಿಟಕಿಯ ಹಿಂದೆ ನಿಂತು ಕೇಳಿಸಿಕೊಂಡೆ.

"ಬೇಜಾರ್ ಮಾಡ್ಕಬ್ಯಾಡ ಗೌರಿ. ಉಳ ಎದ್ದಿರೋವಾಗ ಬುಟ್ಟು ತವರಿಗೆ ಓದೋಳ ಕೈಗೆ ನಮ್ ಉಳನೆಲ್ಲ ಎಂಗವ್ವ ಕೊಡಾದು?" ಎಂದರು ಕೆಂಪಮ್ಮ.

"ಕೊಡ್ಬ್ಯಾಡಿ ಕಣಕ್ಕ. ನ್ಯಾಯವಾಗೈತೆ" ಎಂದರು ಅತ್ತಿಗೆ. ಅಷ್ಟೇ. ಮನೆಗೆ ಬಂದು ಹೊಸ ತಟ್ಟೆಗಳನ್ನು ಅಟ್ಟಕ್ಕೆ ಹಾಕಿದರು. ನನ್ನನ್ನೇ ಏಣಿ ಹಿಡಿದುಕೊಳ್ಳಲು ಕರೆದರು.

ಏಣಿ ಹಿಡಿದುಕೊಂಡೇ ಹೇಳಿದೆ. ಮುಖ ಕಾಣದಿದ್ದರೆ ಹೇಳುವುದು ಸುಲಭ. ಗುಂಡಿ ಏರಿಸಿದ್ದು, ನಯಾಜ್ ಇಳಿಸಿದ್ದು, ರಾತ್ರಿ ಆರಿಸಿದ್ದು, ಸೀರೆಗೆ ಕಲ್ಲು ಕಟ್ಟಿದ್ದು, ಸ್ವೆಟರು, ಎಲ್ಲ. ಅತ್ತಿಗೆ ಎರಡನೆಯ ತಟ್ಟೆಯನ್ನೂ ಅಟ್ಟದೊಳಕ್ಕೆ ತಳ್ಳಿದರು.

"ಓಡ್ತಿತ್ತು ಅಂದ್ಯಲ್ಲೋ" ಎಂದರು.

"ಓಡ್ತಿತ್ತು ಅತ್ಗೆ. ನಿಧಾನಕ್ಕೆ."

"ಇಳಿಸಿದ್ದು ತಪ್ಪಲ್ಲ ಕಣಪ್ಪ. ಎಂಬತ್ನಾಕು ಜರ ಯಾರ್ ತಡಕತಾರೆ, ಇಳಿಸ್ಲೇಬೇಕು. ಸೋಲೂರಿಗೆ ಒಂದು ಪೋನು ಮಾಡಿ, 'ಅತ್ಗೆ, ಬಿಸಿ ಇಲ್ಲ' ಅಂದಿದ್ರೆ ಸಾಕಿತ್ತು. ಒಲೆ ಹಚ್ಚು ಅಂತಿದ್ದೆ." ಕೆಳಗಿಳಿದು ಸೆರಗಿನಿಂದ ಕೈಯ ದೂಳು ಒರೆಸಿಕೊಂಡು ಒಳಗೆ ಹೋದರು. ಬೈದಿದ್ದರೆ ಹಿತವಾಗುತ್ತಿತ್ತು. ಅಂದು ರಾತ್ರಿ ಊಟಕ್ಕೆ ಎಂದಿನಂತೆ ನನಗೇ ಮೊದಲ ಮುದ್ದೆ ಇಕ್ಕಿದರು.

ಕಾರ್ಡನ್ನು ಮೊದಲಿನಂತೆ ಮಾಡಿದ ಹಾಗೆ ಅತ್ತಿಗೆಯ ಹೆಸರನ್ನೂ ಮೊದಲಿನಂತೆ ಮಾಡಿಬಿಡಬೇಕು ಎಂದು ಹಟ ಬಂತು. ಮಾರನೆಯ ಬೆಳಿಗ್ಗೆ ಶುಭ್ರವಾದ ಅಂಗಿ ತೊಟ್ಟು ಐದು ಮನೆಗೂ ಹೊರಟೆ. ಕೆಂಪಮ್ಮನ ಜಗಲಿಯ ಮೇಲೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಕಾರ್ಡು ಎಂದರೇನು, ಓಟ ಏರಿಸುವುದೆಂದರೇನು, ಅದರಿಂದ ಬಿಸಿ ಹೇಗೆ ಬರುತ್ತದೆ, ಡಿಫಾಲ್ಟಿಗೆ ಹೋದರೆ ಹೇಗೆ ಹೋಗುತ್ತದೆ. ಕೆಂಪಮ್ಮ ಎಲೆಗೆ ಸುಣ್ಣ ಸವರುತ್ತ ಒಂದು ಮಾತೂ ಬಿಡದೆ ಕೇಳಿದರು.

"ಅಂಗಾರೆ ಟೀವಿ ಬಿಸಿಗೆ ಉಳ ಬೆಳ್ದವು ಅಂತೀಯಾ?"

"ಟೀವಿ ಅಲ್ಲ ಕಣಕ್ಕ, ಕಂಪ್ಯೂಟ್ರು. ಕೆಂಗಲ್ ಹನುಮಪ್ಪನಾಣೆಗೂ ತಪ್ಪು ನಂದು. ಅತ್ಗೇದು ಒಂದ್ ಕೂದ್ಲಷ್ಟೂ ಇಲ್ಲ."

ಕೆಂಪಮ್ಮನ ಕಣ್ಣಲ್ಲಿ ನೀರು ತುಂಬಿತು. ನನಗೆ ಗೆದ್ದೆ ಎನಿಸಿತು. ಅವರು ಒಳಕ್ಕೆ ತಿರುಗಿ ಸೊಸೆಯನ್ನು ಕೂಗಿದರು: "ಕೇಳ್ದೇನೆ? ಅತ್ಗೆ ತಪ್ಪ ತನ್ ತಲೆ ಮ್ಯಾಲೆ ಆಕ್ಕಂಡು, ದೇವ್ರಾಣೆನೂ ಇಟ್ಟು, ಮನೆ ಮನೆ ತಿರುಗ್ತಾವ್ನೆ ಕಣೆ! ಎಂಥಾ ಮೈದ್ನ! ನಿನ್ ಮೈದ್ನನೂ ಅವ್ನೆ, ಒಂದ್ ಬಿಂದ್ಗೆ ನೀರು ಸೇದಾಕಿಲ್ಲ!"

ನಾನು ಎಷ್ಟು ಬಡಿದುಕೊಂಡರೂ ಆಗಲಿಲ್ಲ. ಉಳಿದ ನಾಲ್ಕು ಮನೆಗೆ ನನಗಿಂತ ಮೊದಲೇ ಸುದ್ದಿ ಹೋಗಿತ್ತು. ಎರಡನೆಯ ಮನೆಯಲ್ಲಿ ಕಾಫಿ ಕೊಟ್ಟರು, ಮೂರನೆಯದರಲ್ಲಿ ಚಕ್ಕುಲಿ. ನಾಲ್ಕನೆಯ ಮನೆಯಾಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಿಮ್ಮಂತೋರು ಇರೋದಕ್ಕೇ ಗೌರವ್ವಂಗೆ ಜೀವ ಐತೆ" ಎಂದರು. ಐದನೆಯ ಮನೆಗೆ ನಾನು ಹೋಗಲಿಲ್ಲ. ಚಾಕಿ ಹುಳುವಿನ ಗಾಡಿ ಈಗಲೂ ದೂರದಿಂದಲೇ ಬೀದಿಗೆ ಬರುತ್ತದೆ. ಅತ್ತಿಗೆಯೂ ಸಾಲಿನಲ್ಲಿ ನಿಂತು ಅದರಿಂದಲೇ ಇಳಿಸಿಕೊಳ್ಳುತ್ತಾರೆ.

ಅಂದು ಸಂಜೆ ಅತ್ತಿಗೆಗೆ ಎಲ್ಲ ಗೊತ್ತಾಗಿತ್ತು. ಸೊಪ್ಪು ಹೆಚ್ಚುತ್ತಿದ್ದವರು ಕತ್ತಿ ಕೆಳಗಿಟ್ಟು, ಬಹಳ ದಿನಗಳ ಮೇಲೆ ಮೊದಲ ಸಲ ನಕ್ಕರು.

"ಅಲ್ಲ ಕಣಪ್ಪ ಚಂದ್ರು, ಕೈ ಮುಗೀತೀನಿ, ಇನ್ನೊಂದು ದಪ ಎಲ್ಲೂ ಏಳಾಕೆ ಓಗ್ಬ್ಯಾಡ. ಇನ್ನೊಂದ್ ಸತಿ ನಿಜ ಏಳುದ್ರೆ ಊರೋರು ನಿಂಗೆ ಗುಡಿ ಕಟ್ಬುಡ್ತಾರೆ, ನಾನು ಊರ್ ಬುಡ್ಬೇಕಾಯ್ತದೆ."

ಅವರ ಮಾತಿನಂತೆ ಊರಲ್ಲಿ ಮತ್ತೆ ಯಾರಿಗೂ ಹೇಳಿಲ್ಲ. ಬೀದಿಯಲ್ಲಿ ಯಾರಾದರೂ ನನ್ನನ್ನು ಹೊಗಳಿದರೆ ತಲೆ ತಗ್ಗಿಸಿಕೊಂಡು ಬೇಗ ಬೇಗ ಮುಂದೆ ಹೋಗುತ್ತೇನೆ. ಅದನ್ನು ಅವರು ವಿನಯ ಎನ್ನುತ್ತಾರೆ.